ಕಣ್ಣು ಮುಚ್ಚಿ ಒಂದು ನಿಮಿಷ: ಸಂಖ್ಯಾಶಾಸ್ತ್ರ ಕಲಿಸುತ್ತಾ ನಾನು ಕಂಡುಕೊಂಡದ್ದು

ಒಂದು ಉತ್ತರ ಪತ್ರಿಕೆ ನನಗೆ ಇವತ್ತಿಗೂ ನೆನಪಿದೆ. ಲೆಕ್ಕದಲ್ಲಿ ಕೊಟ್ಟ ಪ್ರಾಪ್ತಾಂಕಗಳೆಲ್ಲ 10ರಿಂದ 50ರ ಒಳಗೇ ಇದ್ದವು. ಹುಡುಗ ಬರೆದಿದ್ದ ಸರಾಸರಿ 73. ಸೂತ್ರ ಸರಿಯಾಗಿತ್ತು, ಪಟ್ಟಿ ಅಚ್ಚುಕಟ್ಟಾಗಿತ್ತು, ಒಂದು ಗುಣಾಕಾರ ಮಾತ್ರ ತಪ್ಪಿತ್ತು. ಅದಕ್ಕೆ ಒಂದು ಅಂಕ ಕಳೆದು ಮುಂದೆ ಹೋಗಬಹುದಿತ್ತು. ಆದರೆ 50 ದಾಟದ ಸಂಖ್ಯೆಗಳ ಸರಾಸರಿ 73 ಹೇಗಾಗುತ್ತೆ ಅಂತ ಅವನಿಗೆ ಅನುಮಾನವೇ ಬಂದಿರಲಿಲ್ಲ. ಅವನಿಗೆ ಸೂತ್ರ ಕಲಿಸಿದ್ದು ನಾನೇ. ಆ ಸಂಖ್ಯೆಗಳನ್ನು ನೋಡೋದನ್ನು ಮಾತ್ರ ಕಲಿಸಿರಲಿಲ್ಲ.

ಮುಂದಿನ ವರ್ಷದಿಂದ ಪಾಠ ಶುರು ಮಾಡುವ ರೀತಿ ಬದಲಿಸಿದೆ. ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯೋದಿಲ್ಲ. ಎಲ್ಲರೂ ಕಣ್ಣು ಮುಚ್ಚಬೇಕು. ನಾನು 'ಶುರು' ಅಂದ ಮೇಲೆ, ಸರಿಯಾಗಿ ಒಂದು ನಿಮಿಷ ಆಯಿತು ಅನ್ನಿಸಿದಾಗ ಸದ್ದಿಲ್ಲದೆ ಕಣ್ಣು ಬಿಟ್ಟು, ಮೇಜಿನ ಮೇಲಿಟ್ಟ ಸ್ಟಾಪ್‌ವಾಚ್ ನೋಡಿ, ಕಂಡ ಸೆಕೆಂಡನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಇಷ್ಟೇ.

ಮೊದಲ ಸಲ ಇದನ್ನು ಜೋಡಿಯಾಗಿ ಮಾಡಿಸಿದ್ದೆ. ಒಬ್ಬರು ಕಣ್ಣು ಮುಚ್ಚೋದು, ಇನ್ನೊಬ್ಬರು ಗಡಿಯಾರ ನೋಡೋದು, ಆಮೇಲೆ ಅದಲು ಬದಲು. ಎರಡನೆಯ ಸರದಿಯವರ ಸಂಖ್ಯೆಗಳು 60ಕ್ಕೆ ಜಾಸ್ತಿ ಹತ್ತಿರ ಬಂದವು. ಯಾಕೆ ಅಂತ ಯೋಚಿಸಿದರೆ, ಅವರು ಆಗಷ್ಟೇ ಒಂದು ನಿಮಿಷ ಗಡಿಯಾರ ನೋಡಿ ಬಂದಿದ್ದರು! ದತ್ತಾಂಶ ಸಂಗ್ರಹಿಸುವ ರೀತಿಯೇ ದತ್ತಾಂಶವನ್ನು ಬದಲಿಸಬಹುದು ಅನ್ನೋದನ್ನು ಹೇಳಿಕೊಡಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಈಗ ಎಲ್ಲರೂ ಒಟ್ಟಿಗೇ ಮಾಡುತ್ತಾರೆ.

ಒಂದು ತರಗತಿಯ ಲೆಕ್ಕವನ್ನೇ ಹೇಳುತ್ತೇನೆ. 40 ಮಕ್ಕಳು. ಎಲ್ಲಕ್ಕಿಂತ ಕಡಿಮೆ 24 ಸೆಕೆಂಡ್, ಎಲ್ಲಕ್ಕಿಂತ ಹೆಚ್ಚು 138. ಮೊದಲ ಸಾಲಿನ ಏಳು ಮಕ್ಕಳನ್ನು ಎದುರಿಗೆ ಕರೆದು, ಅವರವರ ಸಂಖ್ಯೆ ಹಿಡಿದು ಏರಿಕೆ ಕ್ರಮದಲ್ಲಿ ನಿಲ್ಲಿಸಿದೆ: 44, 48, 51, 52, 55, 58, 138. ಸರಾಸರಿ ತೆಗೆದರೆ 446 ಭಾಗಿಸು 7, ಅಂದರೆ ಸುಮಾರು 63.7. "ಇವರಲ್ಲಿ 63.7ರ ಹತ್ತಿರ ಯಾರಿದ್ದೀರಿ?" ಅಂತ ಕೇಳಿದೆ. ಯಾರೂ ಇಲ್ಲ. ಆರು ಜನ ಅದಕ್ಕಿಂತ ಕೆಳಗೆ, ಒಬ್ಬ ಎಷ್ಟೋ ಮೇಲೆ. ಆಮೇಲೆ ನಡುವೆ ನಿಂತವಳ ಕೈ ಎತ್ತಿಸಿದೆ. 52. ಇದು ಮಧ್ಯಾಂಕ. ಕೊನೆಯವನನ್ನು ಕೂರಿಸಿ ಮತ್ತೆ ಲೆಕ್ಕ ಹಾಕಿಸಿದೆ. ಸರಾಸರಿ 63.7ರಿಂದ 51.3ಕ್ಕೆ ಬಿತ್ತು. ಮಧ್ಯಾಂಕ 52ರಿಂದ 51.5ಕ್ಕೆ ಬಂತು, ಅಷ್ಟೇ.

ದಿನದ ಮಾತಿನಲ್ಲಿ 'ಸರಾಸರಿ' ಅಂದರೆ ಅಂದಾಜು, ಸುಮಾರು ಅನ್ನುವ ಅರ್ಥವೂ ಇದೆ. 'ಸರಾಸರಿ ಇಷ್ಟಾಗುತ್ತೆ' ಅಂತೀವಲ್ವಾ? ಹಾಗಾಗಿ ಸರಾಸರಿಯ ಹತ್ತಿರವೇ ಎಲ್ಲರೂ ಇರುತ್ತಾರೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಏಳು ಜನರನ್ನು ಸಾಲಾಗಿ ನಿಲ್ಲಿಸಿದಾಗ ಆ ನಂಬಿಕೆ ಅವರ ಕಣ್ಣೆದುರೇ ಹೋಗುತ್ತೆ.

"ಹಾಗಾದರೆ ಆ 138 ಅನ್ನು ತೆಗೆದುಬಿಡೋಣ ಮೇಡಂ" ಅಂದಳು ಒಬ್ಬಳು. ಈ ಮಾತು ಪ್ರತಿ ವರ್ಷ ಬರುತ್ತೆ, ಬರಲಿ ಅಂತಲೇ ಕಾಯುತ್ತೇನೆ. ತೆಗೆಯೋ ಮುಂಚೆ ಅವನನ್ನೇ ಕೇಳೋಣ ಅಂದೆ. "ಬೇಗ ಕಣ್ಣು ಬಿಟ್ಟುಬಿಡ್ತೀನಿ ಅಂತ ಭಯ ಆಯ್ತು ಮೇಡಂ, ಅದಕ್ಕೆ ತುಂಬಾ ನಿಧಾನಕ್ಕೆ ಎಣಿಸಿದೆ" ಅಂದ. ಅಂದರೆ ಅದು ನಿಜವಾದ ಅಳತೆ. ಪಟ್ಟಿಯಲ್ಲಿ ಉಳಿಯಿತು. ಇನ್ನೊಂದು ವರ್ಷ ಒಬ್ಬರ ಹೆಸರಿನ ಮುಂದೆ 5 ಅಂತ ಇತ್ತು. ಕೇಳಿದರೆ, 50 ಬರೆಯುವಾಗ ಸೊನ್ನೆ ಬಿಟ್ಟುಹೋಗಿತ್ತು. ಅದನ್ನು ತಿದ್ದಿದೆವು. ದೂರದಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಯಾವ ಸಂಖ್ಯೆಯನ್ನೂ ನಾವು ಅಳಿಸೋದಿಲ್ಲ.

ಎರಡನೆಯ ದಿನ ವರ್ಗಾಂತರ, ಅಂದರೆ ಸಂಖ್ಯೆಗಳನ್ನು ಹಂಚಿ ಹಾಕುವ 20-30, 30-40ರಂಥ ಗುಂಪುಗಳು. ಇಲ್ಲಿ ಕನ್ನಡದಲ್ಲೇ ಒಂದು ತೊಡಕಿದೆ. ಈ 'ವರ್ಗ' ಅಂದರೆ ಗುಂಪು. ಮುಂದೆ ಮಾನಕ ವಿಚಲನೆಯಲ್ಲಿ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನೋದರ ಅಳತೆ) ಬರುವ 'ವರ್ಗ' ಅಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸೋದು. ಮೊದಲೇ ಹೇಳಿಬಿಟ್ಟರೆ ಮಕ್ಕಳು ಗೊಂದಲ ಮಾಡಿಕೊಳ್ಳೋದಿಲ್ಲ. 50 ಬಂದರೆ 40-50ಕ್ಕೋ 50-60ಕ್ಕೋ ಅನ್ನೋದೂ ಹಾಗೆ: ಅದು 50-60ಕ್ಕೆ. ಮೇಲಿನ ಮಿತಿ ಆ ಗುಂಪಿಗೆ ಸೇರೋದಿಲ್ಲ.

ತಾಳೆ ಗುರುತು ಹಾಕಿದ ಮೇಲೆ ಸಿಕ್ಕಿದ್ದು ಇದು: 20-30ರಲ್ಲಿ 2, 30-40ರಲ್ಲಿ 5, 40-50ರಲ್ಲಿ 11, 50-60ರಲ್ಲಿ 12, 60-70ರಲ್ಲಿ 6, 70-80ರಲ್ಲಿ 3, ಆಮೇಲೆ ಖಾಲಿ ಖಾಲಿ, ಕೊನೆಗೆ 130-140ರಲ್ಲಿ 1.

ಮಧ್ಯಾಂಕದ ಸೂತ್ರವನ್ನು ಈಗಲೂ ಬರೆಯೋದಿಲ್ಲ. 40 ಜನರಲ್ಲಿ 20ನೆಯವರನ್ನು ಹುಡುಕಿ ಅನ್ನುತ್ತೇನೆ. ಮೊದಲ ಮೂರು ಗುಂಪು ಸೇರಿದರೆ 18 ಜನ. ಇನ್ನೂ ಇಬ್ಬರು ಬೇಕು. ಅವರು 50-60ರ ಒಳಗಿದ್ದಾರೆ. ಆ ಗುಂಪಿನಲ್ಲಿ 12 ಜನ ಹತ್ತು ಸೆಕೆಂಡಿನ ಅಗಲದಲ್ಲಿ ಸಮನಾಗಿ ಹರಡಿದ್ದಾರೆ ಅಂದುಕೊಂಡರೆ, ಇಬ್ಬರಷ್ಟು ದೂರ ನಡೆಯೋಕೆ 10ರಲ್ಲಿ 12ನೇ 2 ಭಾಗ, ಅಂದರೆ 1.67. ಹಾಗಾಗಿ 51.67. ಸೂತ್ರದಲ್ಲಿರೋದೂ ಇದೇ ನಡಿಗೆ. ಇದಾದ ಮೇಲೆ ಸೂತ್ರ ಬರೆದರೆ ಪ್ರತಿ ಅಕ್ಷರ ಯಾಕಿದೆ ಅಂತ ಅವರೇ ಹೇಳುತ್ತಾರೆ.

ನಮ್ಮ ಹತ್ತಿರ ಮೂಲ ಪಟ್ಟಿಯೂ ಇತ್ತಲ್ವಾ? ತೆಗೆದು ನೋಡಿದೆವು. 20 ಮತ್ತು 21ನೆಯವರು 51, 52. ನಿಜವಾದ ಮಧ್ಯಾಂಕ 51.5. ಸರಾಸರಿಗೆ ಗುಂಪುಗಳ ಮಧ್ಯಬಿಂದು ಹಿಡಿದು ಲೆಕ್ಕ ಹಾಕಿದರೆ 53.25, ಎಲ್ಲ ಸಂಖ್ಯೆ ಕೂಡಿ ಭಾಗಿಸಿದರೆ 53.1. ಬಹುಲಕ ಮಾತ್ರ ಬೇರೆಯೇ ಬಂತು. ಪಟ್ಟಿಯಲ್ಲಿ ಹೆಚ್ಚು ಸಲ ಬಂದದ್ದು 47, ನಾಲ್ಕು ಸಲ. ಸೂತ್ರ ಕೊಟ್ಟದ್ದು 51.4. ಗುಂಪು ಮಾಡಿದಾಗ ಒಂದೊಂದು ಸಂಖ್ಯೆಯ ಗುರುತು ಕಳೆದುಹೋಗುತ್ತೆ, ಸೂತ್ರ ಉಳಿದದ್ದರಿಂದ ಅಂದಾಜು ಮಾಡುತ್ತೆ. ಪುಸ್ತಕದ ಲೆಕ್ಕದಲ್ಲಿ ಮೂಲ ಪಟ್ಟಿ ಇರೋದಿಲ್ಲ, ಆದ್ದರಿಂದ ಇದು ಅಂದಾಜು ಅಂತ ಮಕ್ಕಳಿಗೆ ಗೊತ್ತೇ ಆಗೋದಿಲ್ಲ.

ಆಮೇಲೆ ಹಿಸ್ಟೋಗ್ರಾಂ, ಅಂದರೆ ಪ್ರತಿ ಗುಂಪಿಗೆ ಅದರಲ್ಲಿರುವವರ ಸಂಖ್ಯೆಯಷ್ಟು ಎತ್ತರದ ಒಂದು ಆಯತ ಇರುವ ಚಿತ್ರ. ಅದನ್ನು ಗುಂಪಿನ ಮೂರು ಅಗಲದಲ್ಲಿ ಬರೆಸಿದೆ. 5 ಸೆಕೆಂಡಿನದು ಹಲ್ಲುಹಲ್ಲಾಗಿ ಕಂಡಿತು. 40 ಸೆಕೆಂಡಿನದರಲ್ಲಿ ಮೂರೇ ಆಯತಗಳು: 30, 9, 1. ಗುಡ್ಡದ ಆಕಾರ ಸ್ಪಷ್ಟವಾಗಿ ಕಂಡದ್ದು 10ರಲ್ಲಿ.

ನನಗೆ ಬಹಳ ಇಷ್ಟವಾದ ಭಾಗ ಆಮೇಲೆ ಬಂತು. 1907ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 'ನೇಚರ್' ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದಿದ್ದರು. ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆದಿತ್ತು. ಸರಿಯಾಗಿ ತುಂಬಿದ 787 ಚೀಟಿಗಳು ಗಾಲ್ಟನ್ ಕೈಗೆ ಸಿಕ್ಕವು. ಊಹೆಗಳ ಮಧ್ಯಾಂಕ 1207 ಪೌಂಡ್. ನಿಜವಾದ ತೂಕ 1198. ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಈ ಕಥೆ ಹೇಳಿದ ತಕ್ಷಣ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಅವರ ಮಧ್ಯಾಂಕ ಸರಿ ಬಂತು, ನಮ್ಮದು 60 ಯಾಕೆ ಬರಲಿಲ್ಲ ಮೇಡಂ?"

ನಾನು ಉತ್ತರ ಹೇಳಲಿಲ್ಲ. ಪಟ್ಟಿ ನೋಡಿ ಅಂದೆ. ಹತ್ತು ನಿಮಿಷದ ಮೇಲೆ ಅವರೇ ಹೇಳಿದರು: 40ರಲ್ಲಿ 30 ಜನ 60ಕ್ಕೆ ಮುಂಚೆಯೇ ಕಣ್ಣು ಬಿಟ್ಟಿದ್ದಾರೆ. ಕೆಲವರು ಜಾಸ್ತಿ, ಕೆಲವರು ಕಡಿಮೆ ತಪ್ಪಿದರೆ ಒಂದು ತಪ್ಪು ಇನ್ನೊಂದನ್ನು ಸರಿದೂಗಿಸುತ್ತೆ. ಹೆಚ್ಚಿನವರು ಒಂದೇ ಕಡೆಗೆ ತಪ್ಪಿದರೆ ಮಧ್ಯಾಂಕವೂ ಅದೇ ಕಡೆಗೆ ವಾಲುತ್ತೆ. ಮಕ್ಕಳನ್ನು 40ರಿಂದ 400 ಮಾಡಿದರೂ ಇದು ಹೋಗೋದಿಲ್ಲ. ಇದನ್ನು ಪಾಠದ ಪುಸ್ತಕವಿಲ್ಲದೆ ಕಂಡುಕೊಂಡ ಮಕ್ಕಳನ್ನು ನೋಡಿ ಆ ದಿನ ನನಗೆ ತುಂಬಾ ಸಂತೋಷವಾಯಿತು.

ಮೂರನೆಯ ದಿನ ಅದೇ ಪ್ರಯೋಗ ಮತ್ತೆ ಮಾಡಿದೆವು. ಈ ಸಲ ಅವರಿಗೆ ತಮ್ಮ ಹಿಂದಿನ ಸಂಖ್ಯೆ ಗೊತ್ತಿತ್ತು. ಕಡಿಮೆ 46, ಹೆಚ್ಚು 73. ವ್ಯಾಪ್ತಿ, ಅಂದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಖ್ಯೆಗಳ ನಡುವಿನ ಅಂತರ, 114ರಿಂದ 27ಕ್ಕೆ ಇಳಿಯಿತು. ನಿಧಾನಕ್ಕೆ ಎಣಿಸಿದ್ದ ಹುಡುಗ 64ಕ್ಕೆ ಕಣ್ಣು ಬಿಟ್ಟಿದ್ದ. ಹರಡುವಿಕೆಯನ್ನು ಅಳೆಯೋದು ಹೇಗೆ ಅನ್ನುವ ಮಾತಿಗೆ ಇದೇ ದಾರಿ ಆಯಿತು.

ಮಾನಕ ವಿಚಲನೆಗೆ ಮಾತ್ರ ನಾನೇ ಮಾಡಿದ ಸಣ್ಣ ಪಟ್ಟಿಗಳು. ಒಂದು: 40, 50, 60, 70, 80. ಇನ್ನೊಂದು: 56, 58, 60, 62, 64. ಎರಡರ ಸರಾಸರಿಯೂ 60. ಪ್ರತಿಯೊಂದೂ 60ರಿಂದ ಎಷ್ಟು ದೂರ ಅಂತ ಬರೆದು ಕೂಡಿಸಿದರೆ ಎರಡರಲ್ಲೂ ಸೊನ್ನೆ. ಮಕ್ಕಳು ತಪ್ಪಾಯಿತು ಅಂದುಕೊಂಡು ಮತ್ತೆ ಕೂಡಿದರು, ಮತ್ತೆ ಸೊನ್ನೆ. ಪ್ಲಸ್ ಮೈನಸ್ ಒಂದನ್ನೊಂದು ತಿಂದುಹಾಕುತ್ತಿವೆ ಅಂತ ಗೊತ್ತಾದ ಮೇಲೆ ವರ್ಗ ಮಾಡೋದಕ್ಕೆ ಕಾರಣ ಸಿಕ್ಕಿತು. ವರ್ಗಗಳ ಸರಾಸರಿ ಮೊದಲನೆಯದಕ್ಕೆ 200, ಎರಡನೆಯದಕ್ಕೆ 8. ವರ್ಗಮೂಲ 14.14 ಮತ್ತು 2.83.

"ವರ್ಗ ಯಾಕೆ, ಸುಮ್ನೆ ಮೈನಸ್ ತೆಗೆದರೆ ಸಾಕಲ್ವಾ?" ಅಂತ ಒಬ್ಬಳು ಕೇಳಿದಳು. ಸಾಕು, ಅದೂ ಒಂದು ಅಳತೆಯೇ ಅಂದೆ. ಮೊದಲ ಪಟ್ಟಿಗೆ 12 ಬರುತ್ತೆ. ಅದರ ಹೆಸರು ಸರಾಸರಿ ವಿಚಲನೆ. ವರ್ಗ ಮಾಡಿದಾಗ ದೂರ ಇರುವವುಗಳಿಗೆ ತೂಕ ಜಾಸ್ತಿ ಸಿಗುತ್ತೆ, ಮುಂದಿನ ಬೀಜಗಣಿತವೂ ಸುಲಭವಾಗುತ್ತೆ, ಅದಕ್ಕೇ ಅದು ಹೆಚ್ಚು ಬಳಕೆಯಲ್ಲಿದೆ.

ಹೀಗೆ ಮಾಡಿದರೆ ನಾಲ್ಕು ಪಿರಿಯಡ್ ಪಾಠಕ್ಕೆ ಆರು ಬೇಕಾಗುತ್ತೆ. ನಿಮಗೆ ಅಷ್ಟು ಸಮಯ ಸಿಗದಿದ್ದರೆ ಏಳು ಜನರನ್ನು ಸಾಲಾಗಿ ನಿಲ್ಲಿಸುವುದನ್ನಾದರೂ ಬಿಡಬೇಡಿ. ಆಮೇಲೆ ಪುಸ್ತಕದ ಲೆಕ್ಕ ಕೊಡುವಾಗ, ಸೂತ್ರ ಮುಟ್ಟುವ ಮುಂಚೆ ಪಟ್ಟಿ ನೋಡಿ ಒಂದು ಊಹೆಯನ್ನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಸಿ. ನನ್ನ ಮಕ್ಕಳು ಪರೀಕ್ಷೆಯಲ್ಲೂ ಹಾಗೇ ಬರೆಯುತ್ತಾರೆ. ಉತ್ತರ ಊಹೆಯಿಂದ ತುಂಬಾ ದೂರ ಹೋದರೆ ಹಿಂದೆ ಹೋಗಿ ಗುಣಾಕಾರ ನೋಡುತ್ತಾರೆ.