ಸುಣ್ಣ ಹಾಕಿದ ಜೋಳದ ರೊಟ್ಟಿ ಕೊನೆಗೂ ಉಬ್ಬಿತು

ಮೊದಲೇ ಹೇಳಿಬಿಡುತ್ತೇನೆ. ಎಸರು ಇಟ್ಟು, ಹಿಟ್ಟು ನಾದಿ, ರೊಟ್ಟಿ ಬಡಿಯಲು ಬರುವವರಿಗೆ ಇದು. ಅದು ಬಾರದಿದ್ದರೆ ಮೊದಲು ಅದನ್ನು ಕಲಿತುಕೊಳ್ಳಿ. ನಾನು ಬರೆಯುತ್ತಿರುವುದು ಒಣ ಹಿಟ್ಟೇ ಇಲ್ಲದ ಜೋಳದ ರೊಟ್ಟಿಯ ಬಗ್ಗೆ. ಇಡೀ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಸಿ, ತೊಳೆದು, ಬೀಸಿ, ಒತ್ತಿ ಮಾಡುವುದು. ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ವಿಜಯಪುರದ ಅವ್ವ, ಇಲ್ಲಿ ಹ್ಯೂಸ್ಟನ್‌ನಲ್ಲಿ ನಮ್ಮ ಜೊತೆಗಿರುವ ಅತ್ತೆ, ಗಂಡ, ಗೆಳತಿಯರು, ಎಲ್ಲರೂ. ಒಂದೂವರೆ ವರ್ಷ ಹಿಡಿಯಿತು. ಈಗ ವಾರಕ್ಕೆ ಎರಡು ಸಲ ಮಾಡುತ್ತೇನೆ. ಹತ್ತರಲ್ಲಿ ಎಂಟು ಪೂರ್ತಿ ಉಬ್ಬುತ್ತವೆ. ಒಂಬತ್ತು ಅಂತ ಬರೆಯಬೇಕು ಅನಿಸಿತ್ತು, ಗಂಡ ಪಕ್ಕದಲ್ಲೇ ಕೂತಿದ್ದಾನೆ.

ಗಂಡನ ಮನೆಯವರು ಎಲ್ ಸಾಲ್ವಡಾರ್ ದೇಶದವರು, ಮೊರಾಸಾನ್ ಕಡೆಯವರು. 1980ರ ದಶಕದ ಯುದ್ಧದಲ್ಲಿ ಊರು ಬಿಟ್ಟು ಬಂದವರು. ಅತ್ತೆಯನ್ನು ಮನೆಯವರೆಲ್ಲ ಕರೆಯುವ ಹಾಗೆ ನಾನೂ ‘ಮಾಮಾ’ ಅಂತಲೇ ಕರೆಯುತ್ತೇನೆ. ಅವರ ಮಾತಿನಲ್ಲಿ ಅಮ್ಮ ಅಂತ ಅರ್ಥ. ಮದುವೆಯಾದ ಹೊಸದರಲ್ಲಿ ಫೋನಿನಲ್ಲಿ "ಮಾಮಾ ಅಡಗಿ ಮಾಡಾಕತ್ತಾರ" ಅಂದಿದ್ದಕ್ಕೆ ಅವ್ವ, "ಮಾವನ ಕೈಲೆ ಅಡಗಿ ಮಾಡಸ್ತೀಯೇನ, ನಾಚಿಕಿ ಬರಂಗಿಲ್ಲೇನ?" ಅಂತ ಬೈದಿದ್ದಳು.

ಇದು ಶುರುವಾಗಿದ್ದು 2021ರ ಫೆಬ್ರುವರಿಯಲ್ಲಿ. ಟೆಕ್ಸಾಸ್ ತುಂಬ ಹಿಮ ಬಿದ್ದು ಕರೆಂಟು ಹೋಯಿತಲ್ಲ, ಆಗ. ನಮ್ಮದು ಗ್ಯಾಸಿನ ಒಲೆ, ಕಡ್ಡಿ ಗೀರಿ ಹಚ್ಚಿದೆವು. ಇಡೀ ಮನೆ ಅಡುಗೆಮನೆಗೆ ಬಂದು ಸೇರಿತು. ನಾನು ಇಂಡಿಯನ್ ಅಂಗಡಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಕೂತೆ. ನಿಮಗೆ ಗೊತ್ತಲ್ಲ, ಇಲ್ಲಿಗೆ ಬರುವ ಹೊತ್ತಿಗೆ ಆ ಹಿಟ್ಟು ತಿಂಗಳುಗಟ್ಟಲೆ ಹಳೆಯದಾಗಿರುತ್ತದೆ. ಜಿಗಿ ಇರುವುದಿಲ್ಲ. ಎಷ್ಟು ಕುದಿಯುವ ನೀರು ಹಾಕಿದರೂ ಅಂಚು ಬಿರುಕು, ಎತ್ತಿದರೆ ಎರಡು ತುಂಡು. ಕಹಿ ಬೇರೆ. ಮಾಮಾ ಸ್ವಲ್ಪ ಹೊತ್ತು ನೋಡಿದರು. ನುಚ್ಚಿಗೆ ಅಂತ ತಂದಿಟ್ಟಿದ್ದ ಇಡೀ ಜೋಳದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನಗಲು ಶುರು ಮಾಡಿದರು. "ಮೈಸಿಯೊ! ಇದನ್ನ ನಾವು ಕೋಳಿಗೆ ಹಾಕ್ತಿದ್ವಿ."

ಮೈಸಿಯೊ ಅಂದರೆ ಪುಟ್ಟ ಮೆಕ್ಕೆಜೋಳ ಅಂತ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಏನಂತಾರೆ? ಗೋವಿನ ಜೋಳ! ಅವರ ಮುಖ್ಯ ಊಟ ನಮಗೆ ದನದ ಮೇವು, ನಮ್ಮ ಮುಖ್ಯ ಊಟ ಅವರಿಗೆ ಕೋಳಿಯ ಕಾಳು. ಇದನ್ನು ಹೇಳಿದಾಗ ಅವರು ಇನ್ನೂ ಜಾಸ್ತಿ ನಕ್ಕರು.

ನಕ್ಕ ಮೇಲೆ ಮೆಲ್ಲಗೆ ಒಂದು ಮಾತು ಹೇಳಿದರು. ಅವರ ಒಣ ಭೂಮಿಯಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಈ ಮೈಸಿಯೊ ಹಾಕುತ್ತಿದ್ದರಂತೆ. ಮಳೆ ಕೈಕೊಟ್ಟರೆ ಮೆಕ್ಕೆಜೋಳ ಒಣಗುತ್ತಿತ್ತು, ಇದು ನಿಲ್ಲುತ್ತಿತ್ತು. ಕೊಯ್ಲು ಡಿಸೆಂಬರ್ ಮೇಲೆ. ನಮ್ಮ ಹಿಂಗಾರಿ ಜೋಳದ ಲೆಕ್ಕವೇ ಅಲ್ವಾ? ಮೆಕ್ಕೆಜೋಳ ಕೈಗೆ ಬಾರದ ವರ್ಷ ಅವರ ತಾಯಿ ಇದನ್ನೇ ಸುಣ್ಣದಲ್ಲಿ ಬೇಯಿಸಿ ಟೋರ್ಟಿಯಾ, ಅಂದರೆ ಅವರ ಕಡೆಯ ರೊಟ್ಟಿ, ತಟ್ಟುತ್ತಿದ್ದರು. ಬಣ್ಣ ಸ್ವಲ್ಪ ಕಪ್ಪು. ಅಕ್ಕಪಕ್ಕದವರು ಬಂದರೆ ಬಟ್ಟೆ ಮುಚ್ಚಿಡುತ್ತಿದ್ದರು, ಬಡವರ ಊಟ ಅಂತ. ನನಗೆ ಅಲ್ಲೇ ಹೊಳೆಯಿತು. ಕಾಳು ಹಳೆಯದಾದರೂ ಹಿಟ್ಟಿನಷ್ಟು ಬೇಗ ಕೆಡುವುದಿಲ್ಲ. ಜಿಗಿಯನ್ನು ಸುಣ್ಣ ತಂದುಕೊಟ್ಟರೆ ಗಿರಣಿಯ ಹಿಟ್ಟೇ ಬೇಡ. ಮಾಮಾಗೆ ಹೇಳಿದೆ. "ಬೇಡ ಮಗಳೇ, ಅದು ರುಚಿ ಇರಲ್ಲ, ಅಮ್ಮನಿಗೂ ಸರಿ ಬರ್ತಿರಲಿಲ್ಲ. ಅವಳು ಅರ್ಧ ಮೆಕ್ಕೆಜೋಳ ಬೆರೆಸ್ತಿದ್ದಳು" ಅಂದರು.

ಅವ್ವನಿಗೆ ಫೋನು ಮಾಡಿದೆ. "ಸುಣ್ಣಾ ಹಾಕಿ ರೊಟ್ಟಿ ಮಾಡ್ತಾರೇನವಾ? ಅದನ್ನ ಗ್ವಾಡಿಗೆ ಬಳೀತಾರ." ದಿನಕ್ಕೆ ನಾಲ್ಕು ಸಲ ಎಲೆ ಅಡಿಕೆಗೆ ಸುಣ್ಣ ಸವರುವವಳು ಹೇಳಿದ್ದು ಇದು.

ಈಗ ಸೋಲುಗಳು. ಮೊದಲ ಸಲ ಮಾಮಾ ಮೆಕ್ಕೆಜೋಳಕ್ಕೆ ಮಾಡುವ ಲೆಕ್ಕವನ್ನೇ ಜೋಳಕ್ಕೂ ಹಾಕಿದೆ. ಕೇಜಿಗೆ ಹತ್ತು ಗ್ರಾಂ ಸುಣ್ಣ, ಮುಕ್ಕಾಲು ಗಂಟೆ ಕುದಿ, ರಾತ್ರಿಯೆಲ್ಲ ನೆನೆಸುವುದು. ಬೆಳಿಗ್ಗೆ ನೋಡಿದರೆ ಕಾಳೆಲ್ಲ ಒಡೆದು ಗಂಜಿ. ಹಸಿರು ಹಳದಿ ಬಣ್ಣ, ಸೋಪಿನ ವಾಸನೆ. ಅದೂ ಸಾಲದು ಅಂತ ಊರಿಂದ ತಂದಿದ್ದ ಹಿಂಡಾಲಿಯಂ ಪಾತ್ರೆಯಲ್ಲಿ ಕುದಿಸಿದ್ದೆ. ಸುಣ್ಣ ಅಲ್ಯುಮಿನಿಯಂ ತಿನ್ನುತ್ತದೆ. ಪಾತ್ರೆಯ ಒಳಗೆಲ್ಲ ಕಪ್ಪು. ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ. ಸ್ಟೀಲ್ ಪಾತ್ರೆ ಮಾತ್ರ ಬಳಸಿ.

ಎರಡನೆಯದು ನನ್ನ ಜಿಪುಣತನ. ಟೆಕ್ಸಾಸ್‌ನಲ್ಲಿ ಜೋಳ ಬೇಕಾದಷ್ಟು ಬೆಳೆಯುತ್ತಾರೆ, ‘ಮೈಲೊ’ ಅಂತಾರೆ, ದನಕ್ಕೆ ಹಾಕುತ್ತಾರೆ. ದನದ ಮೇವಿನ ಅಂಗಡಿಯಲ್ಲಿ ಐವತ್ತು ಪೌಂಡಿನ ಚೀಲ ಸುಮಾರು ಹದಿಮೂರು ಡಾಲರ್. ಇಂಡಿಯನ್ ಅಂಗಡಿಯಲ್ಲಿ ನಾಲ್ಕು ಪೌಂಡಿಗೇ ಆರೇಳು ಡಾಲರ್. ಲೆಕ್ಕ ಹಾಕಿ ಕುಣಿದಾಡಿದೆ. ಚೀಲ ತಂದು ಬಿಚ್ಚಿದರೆ ಕೆಂಪು ಜೋಳ. ಒಂದು ಬೊಗಸೆ ಸುಣ್ಣದಲ್ಲಿ ಹಾಕಿ ನೋಡಿದೆ, ಬೂಟ್ ಪಾಲಿಶ್ ಬಣ್ಣ ಬಂತು. ಚೀಲದ ಮೇಲೆ ಪ್ರಾಣಿಗಳಿಗೆ ಮಾತ್ರ ಅಂತ ದೊಡ್ಡದಾಗಿ ಬರೆದಿತ್ತು, ಆಮೇಲೆ ಓದಿದೆ. ತಿನ್ನಲಿಲ್ಲ, ನೀವೂ ತಿನ್ನಬೇಡಿ. ಬಿತ್ತನೆ ಬೀಜವಂತೂ ಮುಟ್ಟಲೇಬೇಡಿ, ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಬಿಳಿ ಜೋಳವೇ ಬೇಕು, ಊಟದ ಜೋಳವೇ ಬೇಕು. ಒಮ್ಮೆ ತಮ್ಮ ಊರಿಂದ ಎರಡು ಕೇಜಿ ಮಾಲದಂಡಿ ಜೋಳ ಕಳಿಸಿದ್ದ. ಅದರ ಬಣ್ಣ, ರುಚಿ ಬೇರೆಯೇ. ಆದರೆ ಎರಡು ಕೇಜಿ ಎಷ್ಟು ದಿನ ಬಂದೀತು?

ಮೂರನೆಯದಕ್ಕೆ ಬಿದ್ದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಇತ್ತು, ಇನ್ನೂರ ಇಪ್ಪತ್ತು ಡಾಲರಿನದು. ಬೆಂದ ಜೋಳವನ್ನು ಅದಕ್ಕೆ ಹಾಕಿದೆ. ರೊಟ್ಟಿಗೆ ಬೇಕಾಗಿದ್ದು ಗಟ್ಟಿ ಮುದ್ದೆ, ಆದ್ದರಿಂದ ನೀರು ಹಾಕಲಿಲ್ಲ. ಕಲ್ಲು ತಿರುಗಲಾರದೆ ನಿಂತಿತು. ನಾನು ಕೈಯಿಂದ ತಳ್ಳಿ ತಳ್ಳಿ ನಡೆಸಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ, ಮೋಟಾರು ಹೋಯಿತು. ರಿಪೇರಿಗೆ ತೊಂಬತ್ತು ಕೇಳಿದರು. ಮುಂದಿನ ಸಲ ಗೆಳತಿಯ ಗ್ರೈಂಡರ್‌ನಲ್ಲಿ, ಹೆದರಿ ನೀರು ಹಾಕಿ ರುಬ್ಬಿದೆ. ದೋಸೆ ಹಿಟ್ಟಾಯಿತು. ಆ ದಿನ ದೋಸೆಯನ್ನೇ ಹೊಯ್ದೆವು. ಅದೇನೂ ಕೆಟ್ಟದಾಗಿರಲಿಲ್ಲ.

ಕೊನೆಗೆ ಕೊಂಡಿದ್ದು ಲ್ಯಾಟಿನ್ ಅಂಗಡಿಯಲ್ಲಿ ಸಿಗುವ ಕೈಯಿಂದ ತಿರುಗಿಸುವ ಕಬ್ಬಿಣದ ಗಿರಣಿ. ಅರವತ್ತು ಡಾಲರ್ ಆಸುಪಾಸು. ಮೇಜಿಗೆ ತಿರುಪು ಬಿಗಿದು ಕೂರಿಸಬೇಕು. ತೋಳು ಬಿದ್ದುಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಸುತ್ತಿಗೆ ನುಚ್ಚಿನ ಹಾಗೆ ಬರುತ್ತದೆ. ತಿರುಪು ಇನ್ನೂ ಬಿಗಿ ಮಾಡಿ ಎರಡನೇ ಸುತ್ತು ಹಾಕಬೇಕು. ಕಾಳು ತೊಳೆದ ಮೇಲೆ ಜರಡಿಯಲ್ಲಿ ಅರ್ಧ ಗಂಟೆ ಸೋಸಲು ಬಿಡಿ, ಇಲ್ಲದಿದ್ದರೆ ಗಿರಣಿಯ ಬಾಯಲ್ಲಿ ಅಂಟು ಕಟ್ಟುತ್ತದೆ. ಒತ್ತುವ ಮಣೆ ಇಪ್ಪತ್ತೈದು ಡಾಲರ್. ಸುಣ್ಣ ಮಾತ್ರ ಅಗ್ಗ. ಉಪ್ಪಿನಕಾಯಿಗೆ ಬಳಸುವ ತಿನ್ನುವ ಸುಣ್ಣದ ಪುಡಿ ಪೌಂಡಿಗೆ ಐದಾರು ಡಾಲರ್, ವರ್ಷಗಟ್ಟಲೆ ಸಾಕು. ಎಲ್ಲ ಸೇರಿ, ಹಾಳು ಮಾಡಿದ್ದೂ ಸೇರಿ, ನಾಲ್ಕುನೂರು ದಾಟಿರಬೇಕು. ಗಂಡ ಐನೂರು ಅನ್ನುತ್ತಾನೆ. ನಾನು ಚೀಟಿ ಇಟ್ಟಿಲ್ಲ.

ಗುಟ್ಟು ಇಷ್ಟೇ. ಜೋಳವನ್ನು ಬೇಯಿಸಬಾರದು, ಬಿಸಿ ನೀರಿನಲ್ಲಿ ನೆನೆಸಬೇಕು. ಮೆಕ್ಕೆಜೋಳದ ಸಿಪ್ಪೆ ದಪ್ಪ, ಜೋಳದ್ದು ತೆಳು. ನನ್ನ ಈಗಿನ ಲೆಕ್ಕ: ಒಂದು ಕೇಜಿ ಜೋಳ, ಮೂರು ಲೀಟರ್ ನೀರು, ಸುಣ್ಣ ತಲೆ ಸವರಿದ ಒಂದು ಟೀ ಚಮಚ. ಕುದಿ ಬಂದ ಮೇಲೆ ಏಳೆಂಟು ನಿಮಿಷ, ಹತ್ತು ದಾಟಬಾರದು. ಒಲೆ ಆರಿಸಿ ಮುಚ್ಚಿಡುವುದು ಮೂರೂವರೆ ಗಂಟೆ. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು, ಕಚ್ಚಿದರೆ ನಡುವೆ ಬಿಳಿ ಚುಕ್ಕಿ ಇನ್ನೂ ಇರಬೇಕು. ಚುಕ್ಕಿ ಹೋಯಿತೋ, ಆ ಕಾಳು ರೊಟ್ಟಿಗೆ ಬರುವುದಿಲ್ಲ. ಆಮೇಲೆ ಎರಡು ನೀರಿನಲ್ಲಿ ತೊಳೆಯಿರಿ. ಮೂರು, ನಾಲ್ಕು ಅಂತ ಹೋಗಬೇಡಿ. ನಾನು ಶುಚಿ ಅಂತ ಐದು ಸಲ ತೊಳೆದಾಗಲೆಲ್ಲ ಅಂಟೆಲ್ಲ ನೀರಿಗೆ ಹೋಗಿ ಅಂಚು ಮತ್ತೆ ಬಿರುಕು ಬಿಟ್ಟಿತ್ತು. ಇದು ತಲೆಗೆ ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು.

ಬೀಸಿದ ಮುದ್ದೆಗೆ ಉಪ್ಪು ಹಾಕಿ ನಾದಿ ಒದ್ದೆ ಬಟ್ಟೆ ಮುಚ್ಚಿ ಬಿಡುತ್ತೇನೆ. ಎಷ್ಟು ಹೊತ್ತು, ಜೊತೆಗೆ ಏನು ಸೇರಿಸುತ್ತೇನೆ ಅನ್ನುವುದನ್ನು ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಅದು ನಾದಿನಿಗೆ ಮಾತ್ರ ಗೊತ್ತು, ಅವಳಿಂದ ಆಣೆ ಮಾಡಿಸಿಕೊಂಡಿದ್ದೇನೆ. ಮೆಕ್ಕೆಜೋಳ ಒಂದು ಕಾಳೂ ಇಲ್ಲ, ಗೋಧಿಯೂ ಇಲ್ಲ, ಅಷ್ಟು ಖಾತ್ರಿ. ಆ ಗುಟ್ಟಿಲ್ಲದೆಯೂ ಹತ್ತರಲ್ಲಿ ಐದು ಉಬ್ಬುತ್ತವೆ.

ಒತ್ತುವುದು, ಸುಡುವುದು ನಿಮಗೆ ಗೊತ್ತೇ ಇದೆ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒತ್ತಿ ಕಾದ ಹಂಚಿಗೆ ಹಾಕಿ. ಹದಿನೈದು ಎಣಿಸಿ ತಿರುವಿ, ಎರಡನೇ ಮಗ್ಗುಲು ಒಂದು ನಿಮಿಷ, ಮತ್ತೆ ತಿರುವಿ ಬಟ್ಟೆಯಿಂದ ನಡುವೆ ಮೆಲ್ಲಗೆ ಒತ್ತಿ. ಮೇಲೆ ನೀರು ಸವರುವುದು ಬೇಡ. ಹೋದ ವರ್ಷ ಬಂದಿದ್ದ ಅವ್ವನಿಗೆ ಕೈ ತಡೆಯಲಿಲ್ಲ, ನೀರು ಸವರಿದಳು, ಹಂಚಿಗೆ ಅಂಟಿತು. ಮಾಮಾ ಅವಳ ಕೈಯಿಂದ ಉಂಡೆ ಕಿತ್ತುಕೊಂಡು ಎರಡು ಅಂಗೈ ನಡುವೆ ಚಪಚಪ ತಟ್ಟಿ ತೋರಿಸಿದರು. ಅವ್ವ ಅದನ್ನು ಕಿತ್ತುಕೊಂಡು ಮಣೆಯ ಮೇಲೆ ಬಡಿದು ತೋರಿಸಿದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ಅರ್ಧ ಕೇಜಿ ಮುದ್ದೆ ಹಾಗೇ ಖಾಲಿಯಾಯಿತು. ಅವ್ವ ಎಣ್ಣೆಗಾಯಿ ಜೊತೆ ನಾಲ್ಕು ತಿಂದು, "ಹಿಟ್ಟಿನ ರೊಟ್ಟಿ ರುಚಿ ಇಲ್ಲ ಬಿಡು" ಅಂದಳು. ಐದನೆಯದನ್ನೂ ಹಾಕಿಸಿಕೊಂಡಳು.

ಇದೇ ಮುದ್ದೆಯಲ್ಲಿ ಪುಪುಸಾನೂ ಆಗುತ್ತದೆ, ಅಂದರೆ ಒಳಗೆ ಹೂರಣ ತುಂಬಿದ ದಪ್ಪ ರೊಟ್ಟಿ. ಅದು ಎಲ್ ಸಾಲ್ವಡಾರ್‌ನ ರಾಷ್ಟ್ರೀಯ ತಿನಿಸು. 2005ರಲ್ಲಿ ಅಲ್ಲಿ ಅದಕ್ಕೊಂದು ದಿನವನ್ನೇ ಗೊತ್ತು ಮಾಡಿದರು, ನವೆಂಬರ್ ತಿಂಗಳ ಎರಡನೇ ಭಾನುವಾರ. ಹೋಳಿಗೆಗೆ ಹೂರಣ ತುಂಬುವ ಕೈಗೆ ಇದು ಕಷ್ಟವಲ್ಲ. ಅವರ ಮನೆಯಲ್ಲಿ ಹಂದಿ ಮಾಂಸದ್ದೂ ಮಾಡುತ್ತಾರೆ, ನಾನು ತಿನ್ನುವುದಿಲ್ಲ. ಬೀನ್ಸ್ ಮತ್ತು ಚೀಸ್ ನನ್ನ ಪಾಲು. ಎಣ್ಣೆಗಾಯಿ ತುಂಬಿ ನೋಡಿದೆ, ಎಣ್ಣೆ ಸೋರಿ ಹೊಟ್ಟೆ ಒಡೆಯಿತು. ಮಡಕಿ ಕಾಳು ಬೇಯಿಸಿ ಅರೆದು ಅವರ ಬೀನ್ಸಿನ ಹಾಗೆ ಹುರಿದು ತುಂಬಿದೆ, ಮಕ್ಕಳು ಮುಖ ತಿರುಗಿಸಿದರು. ಗೆದ್ದದ್ದು ಶೇಂಗಾ ಹಿಂಡಿ ಮತ್ತು ಚೀಸ್. ಹಿಂಡಿಗೆ ಬೆಳ್ಳುಳ್ಳಿ ಸ್ವಲ್ಪ ಮುಂದಾಗಿರಲಿ. ಮೆಂತ್ಯ ಸೊಪ್ಪು ಅವರ ಲೊರೊಕೊ ಹೂಮೊಗ್ಗಿನ ಜಾಗಕ್ಕೆ ಪರವಾಗಿಲ್ಲ, ಆದರೆ ಲೊರೊಕೊ ಲೊರೊಕೊನೇ. ಫ್ರೀಜರ್ ವಿಭಾಗದಲ್ಲಿ ಸಿಗುತ್ತದೆ, ಒಮ್ಮೆ ತಂದು ನೋಡಿ.

ಪುಪುಸಾ ಜೊತೆ ಕುರ್ತಿದೊ ಬೇಕೇ ಬೇಕು. ಕೋಸು, ಕ್ಯಾರೆಟ್, ಈರುಳ್ಳಿ, ವಿನೆಗರ್, ಒರೆಗಾನೊ. ನಮ್ಮ ಪಚಡಿಯ ಹುಳಿ ಅಕ್ಕ ಅಂದುಕೊಳ್ಳಿ. ಅದಕ್ಕೆ ಒಮ್ಮೆ ಹುರಿದ ಗುರೆಳ್ಳು ಪುಡಿ ಉದುರಿಸಿದೆ. ಮಾಮಾ ಮೊದಲು ಕಪ್ಪು ಬಣ್ಣ ನೋಡಿ ಮೂಗು ಮುರಿದರು, ಈಗ ಡಬ್ಬಿ ಅವರ ಕೋಣೆಯಲ್ಲಿದೆ. ಗುರೆಳ್ಳನ್ನು ಇಲ್ಲಿ ಹಕ್ಕಿಗಳಿಗೆ ಮಾರುತ್ತಾರೆ ಅನ್ನುವುದು ಇನ್ನೊಂದು ತಮಾಷೆ. ಹಕ್ಕಿ ಚೀಲದ್ದು ತರಬೇಡಿ, ನಾನು ಊರಿಂದಲೇ ತರಿಸುತ್ತೇನೆ. ಮೈಲೊ ಚೀಲದಿಂದ ಒಂದು ಪಾಠವಾದರೂ ಕಲಿತಿದ್ದೇನಲ್ಲ.

ಬೂದಿಯಲ್ಲೂ ಮಾಡಿ ನೋಡಿದೆ. ಮಾಮಾ ಕಡೆ ಹಿಂದೆ ಸುಣ್ಣ ಸಿಗದಿದ್ದರೆ ಒಲೆಯ ಬೂದಿ ಹಾಕುತ್ತಿದ್ದರಂತೆ. ಹಿತ್ತಲಲ್ಲಿ ಓಕ್ ಕಟ್ಟಿಗೆ ಸುಟ್ಟು, ಬೂದಿ ನೆನೆಸಿ ತಿಳಿ ತೆಗೆದೆ. ಸಿಪ್ಪೆ ಜಾರಿತು, ಹೊಗೆಯ ರುಚಿಯೂ ಬಂತು. ಎರಡನೇ ಸಲ ಏನೂ ಆಗಲಿಲ್ಲ. ಬೂದಿ ಪ್ರತಿ ಸಲ ಬೇರೆ ಬೇರೆ, ಅಳತೆ ಹೇಳಲು ಬರುವುದಿಲ್ಲ. ಇನ್ನೂ ಬಿಟ್ಟಿಲ್ಲ, ಚಳಿಗಾಲಕ್ಕೆ ಮತ್ತೆ ನೋಡುತ್ತೇನೆ. ಕಡಕ್ ರೊಟ್ಟಿ ಮಾತ್ರ ಈ ಸುಣ್ಣದ ಮುದ್ದೆಯಲ್ಲಿ ಸರಿ ಬರಲಿಲ್ಲ. ಒಣಗಿದರೆ ಹಲ್ಲಿಗೆ ಕಲ್ಲು. ಅದಕ್ಕೆ ಹಿಟ್ಟೇ ಸೈ.

ಮಾಮಾ ಹೋದ ತಿಂಗಳು ಅವರ ತಂಗಿ ಬಂದಾಗ ಈ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ತಾವೇ ಮೇಜಿಗೆ ತಂದಿಟ್ಟರು. ಬಿಸಿ ಆರಬಾರದಲ್ಲ, ಮೇಲೆ ಬಟ್ಟೆ ಹಾಕಲು ಹೋದೆ. ಬೇಡ ಅಂದರು.

ಆ ಕೆಂಪು ಮೈಲೊ ನಲವತ್ತೈದು ಪೌಂಡಾದರೂ ಗ್ಯಾರೇಜಿನಲ್ಲಿ ಹಾಗೇ ಇದೆ. ಹ್ಯೂಸ್ಟನ್ ಕಡೆ ಕೋಳಿ ಸಾಕಿದವರು ಯಾರಾದರೂ ಇದ್ದರೆ ಬಂದು ಒಯ್ಯಿರಿ. ದುಡ್ಡು ಬೇಡ, ಎರಡು ಮೊಟ್ಟೆ ಗಂಡನಿಗೆ ಕೊಟ್ಟು ಹೋದರೆ ಸಾಕು.