ಔಷಧಿ ಗಿಡದೊಳಗೆ ಏನಿದೆ? ಪರೀಕ್ಷೆ ಮಾಡುವುದು ಹೀಗೆ

ಈ ಎಲೆ ನೆನಪಿನ ಶಕ್ತಿಗೆ ಒಳ್ಳೆಯದು, ಆ ಬೇರು ಜ್ವರಕ್ಕೆ ಒಳ್ಳೆಯದು ಅಂತ ಕೇಳುತ್ತಲೇ ಇರುತ್ತೇವೆ. ಅದರೊಳಗೆ ಇರುವುದಾದರೂ ಏನು? ನೋಡೋಕೆ ದೊಡ್ಡ ಯಂತ್ರಗಳೇ ಬೇಕಿಲ್ಲ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್, ಪಕ್ಕದಲ್ಲಿ ತಿಳಿದವರೊಬ್ಬರು, ಒಂದಿಷ್ಟು ತಾಳ್ಮೆ ಇದ್ದರೆ ಮೊದಲ ಹಂತದ ಪರೀಕ್ಷೆ ಮಾಡಬಹುದು. ಆದರೆ ಟೆಸ್ಟ್ ಟ್ಯೂಬ್ ಹಿಡಿಯುವ ಮುಂಚಿನ ಕೆಲಸವೇ ಇದರಲ್ಲಿ ಜಾಸ್ತಿ, ಅಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ.

ಮೊದಲು ಗಿಡ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಬ್ರಾಹ್ಮಿಯನ್ನೇ ನೋಡಿ. ಕೆಲವರು ಒಂದೆಲಗವನ್ನು ಬ್ರಾಹ್ಮಿ ಅಂತಾರೆ, ಇನ್ನು ಕೆಲವರು ನೀರುಬ್ರಾಹ್ಮಿಯನ್ನು. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಒಂದೆಲಗದಲ್ಲಿರುವ ಮುಖ್ಯ ವಸ್ತು ಏಷಿಯಾಟಿಕೋಸೈಡ್, ನೀರುಬ್ರಾಹ್ಮಿಯಲ್ಲಿರುವುದು ಬ್ಯಾಕೋಸೈಡ್‌ಗಳು. ಹಾಗಾಗಿ ಹೂವಿರುವ ಒಂದು ಟೊಂಗೆಯನ್ನು ಹಳೇ ಪೇಪರ್ ನಡುವೆ ಒತ್ತಿ ಒಣಗಿಸಿ, ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ ವೈಜ್ಞಾನಿಕ ಹೆಸರು ಬರೆಸಿಕೊಳ್ಳಿ. ಯಾವ ತಿಂಗಳು, ಎಲ್ಲಿ, ಗಿಡದ ಯಾವ ಭಾಗ ಕಿತ್ತಿರಿ ಅನ್ನುವುದನ್ನೂ ಬರೆದಿಡಿ. ಒಂದೇ ಗಿಡದಲ್ಲೂ ಬೇರಿನಲ್ಲಿರುವುದು ಎಲೆಯಲ್ಲಿ ಇಲ್ಲದಿರಬಹುದು, ಹೂ ಬಿಡುವ ಮುಂಚೆ ಇದ್ದಷ್ಟು ಆಮೇಲೆ ಇಲ್ಲದಿರಬಹುದು.

ತೊಳೆದು, ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಎಲೆ ಮುರಿದರೆ ಪಟ್ ಅನ್ನಬೇಕು. ಬಾಗಿದರೆ ಇನ್ನೂ ತೇವ ಇದೆ, ಬೂಸ್ಟು ಹಿಡಿಯುತ್ತದೆ. ಆಮೇಲೆ ಕುಟ್ಟಿ ಪುಡಿ ಮಾಡಿ, ಜರಡಿ ಹಿಡಿಯಿರಿ.

ಈಗ ಸಾರ ತೆಗೆಯುವುದು. 10 ಗ್ರಾಂ ಪುಡಿಗೆ 100 ಮಿಲಿ ಎಥನಾಲ್ ಹಾಕಿ, ಬಾಯಿ ಮುಚ್ಚಿ, ಆಗಾಗ ಅಲ್ಲಾಡಿಸುತ್ತಾ 24 ಗಂಟೆ ಇಟ್ಟು ಸೋಸಿ. ಇನ್ನೊಂದು ಪಾಲನ್ನು ನೀರಿನಲ್ಲೂ ಹೀಗೇ ಮಾಡಿ. ಎಥನಾಲ್‌ಗೆ ಥಟ್ಟನೆ ಬೆಂಕಿ ಹತ್ತುತ್ತದೆ, ಹತ್ತಿರದಲ್ಲಿ ಜ್ವಾಲೆ ಇರಲೇಬಾರದು.

ಹೇಗೆ ತೆಗೆಯುತ್ತೀರಿ ಅನ್ನುವುದು ಎಷ್ಟು ಮುಖ್ಯ ಅನ್ನೋದಕ್ಕೆ ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಅವರ ತಂಡ ಮಲೇರಿಯಾಕ್ಕೆ ಆರ್ಟೆಮಿಸಿಯಾ ಆನುವಾ ಗಿಡದ ಸಾರ ಪರೀಕ್ಷಿಸುತ್ತಿತ್ತು. ಒಮ್ಮೆ ಫಲ ಸಿಕ್ಕಿದರೆ ಮತ್ತೊಮ್ಮೆ ಇಲ್ಲ. ಆಗ 4ನೇ ಶತಮಾನದ ಒಂದು ಬರಹ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಗಿಡವನ್ನು ಕುದಿಸಿ ಅಂತ ಇರಲಿಲ್ಲ, ನೀರಿನಲ್ಲಿ ನೆನೆಸಿ ರಸ ಹಿಂಡಿ ಅಂತಷ್ಟೇ ಇತ್ತು. ಬಿಸಿಗೆ ಔಷಧಿ ಹಾಳಾಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ 1971ರಲ್ಲಿ ಸಾರ ತೆಗೆದರು, ಕೆಲಸ ಮಾಡಿತು. ಅದರಿಂದ ಬಂದದ್ದೇ ಆರ್ಟೆಮಿಸಿನಿನ್, 2015ರಲ್ಲಿ ನೊಬೆಲ್ ತಂದ ಔಷಧಿ. ಅದಕ್ಕೇ ಹೇಳುವುದು, ನಾಟಿ ವೈದ್ಯರು ಕುದಿಸಿ ಅಂದರೋ, ಅರೆದು ಹಿಂಡಿ ಅಂದರೋ, ಯಾವ ಭಾಗ ಅಂದರೋ, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಅದನ್ನು ಸುಮ್ನೆ ನಂಬಬೇಕಿಲ್ಲ, ಆದರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ.

ಸುಲಭದ ಪರೀಕ್ಷೆಯಿಂದ ಶುರು ಮಾಡಿ. ನೀರಿನ ಸಾರವನ್ನು ಟೆಸ್ಟ್ ಟ್ಯೂಬಿನಲ್ಲಿ ಜೋರಾಗಿ ಕುಲುಕಿ. ಒಂದು ಸೆಂಟಿಮೀಟರ್‌ನಷ್ಟು ನೊರೆ ಎದ್ದು 10 ನಿಮಿಷ ಕಳೆದರೂ ಇಳಿಯದಿದ್ದರೆ ಸಪೋನಿನ್, ಅಂದರೆ ಸೋಪಿನಂತೆ ನೊರೆ ಬರಿಸುವ ವಸ್ತು, ಇದೆ. ಕೆಲವು ಹನಿ ಫೆರಿಕ್ ಕ್ಲೋರೈಡ್ ಹಾಕಿದಾಗ ಕಡುನೀಲಿ ಅಥವಾ ಕಪ್ಪುಹಸಿರು ಬಂದರೆ ಒಗರು ರುಚಿ ಕೊಡುವ ಟ್ಯಾನಿನ್‌ನಂಥ ಫಿನಾಲ್‌ಗಳು ಇವೆ. ದುರ್ಬಲ ಆಮ್ಲ ಬೆರೆಸಿ ಸೋಸಿದ ಸಾರಕ್ಕೆ ಡ್ರಾಗೆಂಡಾರ್ಫ್ ದ್ರಾವಣ ಹಾಕಿದಾಗ ಕಿತ್ತಳೆ ಬಣ್ಣದ ಗಷ್ಟು ಕಂಡರೆ ಆಲ್ಕಲಾಯ್ಡ್ (ನಿಕೋಟಿನ್, ಕ್ವಿನೈನ್‌ನಂಥ ವಸ್ತು) ಇರಬಹುದು. ಇರಬಹುದು ಅಷ್ಟೇ, ಯಾಕೆಂದರೆ ಪ್ರೋಟೀನ್ ಇದ್ದರೂ ಹಾಗೆ ಕಾಣಬಹುದು. ಪ್ರತಿ ಸಲವೂ ಪಕ್ಕದಲ್ಲಿ ಸಾರ ಇಲ್ಲದ ಬರೀ ನೀರಿನ ಟ್ಯೂಬ್ ಒಂದಿಟ್ಟು ಹೋಲಿಸಿ. ಆಲ್ಕಲಾಯ್ಡ್‌ಗೆ ಬಳಸುವ ಇನ್ನೊಂದು ದ್ರಾವಣವಾದ ಮೇಯರ್ ದ್ರಾವಣದಲ್ಲಿ ಪಾದರಸ ಇರುವುದರಿಂದ ಹೊಸಬರು ಅದರ ತಂಟೆಗೆ ಹೋಗಬೇಡಿ.

ನೊರೆ ಪರೀಕ್ಷೆ ಒಂದೆಲಗ, ನೀರುಬ್ರಾಹ್ಮಿ ಎರಡಕ್ಕೂ ಹೌದು ಅನ್ನುತ್ತದೆ, ಏಷಿಯಾಟಿಕೋಸೈಡೂ ಬ್ಯಾಕೋಸೈಡ್‌ಗಳೂ ಸಪೋನಿನ್‌ಗಳೇ ಅಲ್ವಾ! ಬೇರೆ ಮಾಡಿ ನೋಡೋಕೆ ಟಿಎಲ್‌ಸಿ ಬೇಕು, ಅಂದರೆ ಸಾರದಲ್ಲಿರುವ ವಸ್ತುಗಳನ್ನು ತೆಳು ಪದರದ ಮೇಲೆ ಬೇರ್ಪಡಿಸುವ ಥಿನ್ ಲೇಯರ್ ಕ್ರೊಮ್ಯಾಟೋಗ್ರಫಿ. ಸಿಲಿಕಾ ಲೇಪಿಸಿದ ಪ್ಲೇಟಿನ ತಳದಿಂದ ಒಂದು ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಸಾರದ ಸಣ್ಣ ಚುಕ್ಕೆ ಇಡಿ. ಚುಕ್ಕೆ ಮುಳುಗದಷ್ಟು ದ್ರಾವಕದಲ್ಲಿ ಪ್ಲೇಟ್ ನಿಲ್ಲಿಸಿ, ಪಾತ್ರೆ ಮುಚ್ಚಿ. ದ್ರಾವಕ ಏರಿದಂತೆ ಒಂದೊಂದು ವಸ್ತುವೂ ಒಂದೊಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಬಣ್ಣವಿಲ್ಲದ ಚುಕ್ಕೆಗಳಿಗೆ ಅಲ್ಟ್ರಾವಯಲೆಟ್ ದೀಪ ಅಥವಾ ಬಣ್ಣ ಬರಿಸುವ ಸ್ಪ್ರೇ ಬೇಕಾಗುತ್ತದೆ. ಗೆರೆಯಿಂದ ದ್ರಾವಕ 6 ಸೆಂಟಿಮೀಟರ್, ಚುಕ್ಕೆ 3 ಸೆಂಟಿಮೀಟರ್ ಏರಿದ್ದರೆ ಆರ್‌ಎಫ್ ಮೌಲ್ಯ, ಅಂದರೆ ಚುಕ್ಕೆ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದ್ದು, 0.5. ಅದೇ ಪ್ಲೇಟಿನಲ್ಲಿ ಶುದ್ಧ ಬ್ಯಾಕೋಸೈಡ್ ಚುಕ್ಕೆಯೊಂದನ್ನೂ ಇಟ್ಟರೆ ಹೋಲಿಕೆ ಸುಲಭ.

ಚುಕ್ಕೆ ಕಂಡಿತು ಅಂದಮಾತ್ರಕ್ಕೆ ಕಾಯಿಲೆ ವಾಸಿಯಾಗುತ್ತದೆ ಅಂತಲ್ಲ. ಎಷ್ಟಿದೆ, ಎಷ್ಟಾದರೆ ವಿಷ ಅನ್ನುವುದೆಲ್ಲ ಬೇರೆಯೇ ಅಧ್ಯಯನ. ಲ್ಯಾಬಿನಲ್ಲಿ ತೆಗೆದ ಸಾರವನ್ನು ಯಾರೂ ಕುಡಿಯಬಾರದು. ಉಳಿದದ್ದನ್ನು ಕಂದು ಬಾಟಲಿಯಲ್ಲಿ ಹೆಸರು, ತಾರೀಕು ಅಂಟಿಸಿ ತಣ್ಣಗೆ ಇಡಿ, ತಿಂಗಳಾದ ಮೇಲೆ ಮತ್ತೊಂದು ಪ್ಲೇಟ್ ಓಡಿಸಿ. ಯಾವುದಾದರೂ ಚುಕ್ಕೆ ಮಸುಕಾಗಿದ್ದರೆ ಆ ವಸ್ತು ಬಾಟಲಿಯಲ್ಲೇ ಕೆಡುತ್ತಿದೆ ಅಂತ ಅನುಮಾನಿಸಬಹುದು.