ಚಾರ್ಜ್‌ಶೀಟಿನಿಂದ ಬಿಟ್ಟುಹೋದ ಕಾಗದ ಹುಡುಕುವ ಕೆಲಸ

ಮುಂಬೈಯ ಸೆಷನ್ಸ್ ಕೋರ್ಟುಗಳಲ್ಲಿ ನಾನು ಆರೋಪಿಗಳ ಪರ ವಾದಿಸುತ್ತೇನೆ. ಕಕ್ಷಿದಾರರಲ್ಲಿ ಊರ ಕಡೆಯ ಹೋಟೆಲ್ ಹುಡುಗರು ಜಾಸ್ತಿ.

ಚಾರ್ಜ್‌ಶೀಟ್ ಸಿಕ್ಕ ಕೂಡಲೇ ಅದರ ಪಕ್ಕದಲ್ಲಿ ರಿಮಾಂಡ್ ಅರ್ಜಿಗಳನ್ನು, ಅಂದರೆ ಆರೋಪಿಯನ್ನು ಕಸ್ಟಡಿಗೆ ಕೊಡಿ ಎಂದು ಪೊಲೀಸರು ಕೋರ್ಟಿಗೆ ಹಾಕಿದ ಅರ್ಜಿಗಳನ್ನು, ಇಟ್ಟುಕೊಂಡು ಓದುತ್ತೇನೆ. ಕಸ್ಟಡಿ ಬೇಕಲ್ವಾ, ಮೊದಲ ವಾರದಲ್ಲಿ ಪೊಲೀಸರು ಎಲ್ಲವನ್ನೂ ಬರೆದಿರುತ್ತಾರೆ: ಸಿಸಿಟಿವಿ ವಶಪಡಿಸಿಕೊಂಡಿದ್ದೇವೆ, ಇಂಥವರ ಹೇಳಿಕೆ ಪಡೆದಿದ್ದೇವೆ ಅಂತ. ಚಾರ್ಜ್‌ಶೀಟ್ ಬರುವಷ್ಟರಲ್ಲಿ ಅದರಲ್ಲಿ ಕೆಲವು ಕಾಣೆ. ಕಾಣೆಯಾದದ್ದನ್ನು ಪಟ್ಟಿ ಮಾಡಿಕೊಳ್ಳುತ್ತೇನೆ.

ಒಂದು ದರೋಡೆ ಕೇಸಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಜೈಲಿನಲ್ಲಿದ್ದ. ಅವನ ಮೇಲಿದ್ದ ಸಾಕ್ಷ್ಯ ಒಂದೇ, ಗುರುತು ಪರೇಡ್: ಸಾಲಾಗಿ ನಿಂತವರಲ್ಲಿ ಆರೋಪಿ ಯಾರೆಂದು ಸಾಕ್ಷಿ ತೋರಿಸುವುದು. ಕಡತದಲ್ಲಿ ಒಂದೇ ಪರೇಡಿನ ವರದಿ ಇತ್ತು. ಹುಡುಗ ಮಾತ್ರ, "ಅಕ್ಕ, ನನ್ನನ್ನು ಎರಡು ಸಲ ಸಾಲಲ್ಲಿ ನಿಲ್ಲಿಸಿದ್ರು" ಅಂದ. ಪರೇಡ್ ನಡೆಯುವುದು ಜೈಲಿನೊಳಗೆ. ಹಾಗಾಗಿ ಯಾರು ಬಂದರು, ಯಾವಾಗ ಬಂದರು ಎಂಬ ದಾಖಲೆ ಅಲ್ಲಿ ಇರಲೇಬೇಕು. ಠಾಣೆಯನ್ನು ಕೇಳುವ ಬದಲು ಜೈಲಿನ ದಾಖಲೆ ತರಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿದೆ. ಬಂದ ದಾಖಲೆಯಲ್ಲಿ ಪರೇಡಿನ ಎರಡು ತಾರೀಕುಗಳಿದ್ದವು. ಆಮೇಲೆ ಮೊದಲ ಪರೇಡಿನ ವರದಿ ಹೊರಬಂತು. ದೂರುದಾರರು ಅವತ್ತು ತೋರಿಸಿದ್ದು ಸಾಲಿನಲ್ಲಿದ್ದ ಡಮ್ಮಿಯನ್ನು, ಅಂದರೆ ಕೇಸಿಗೆ ಸಂಬಂಧವೇ ಇಲ್ಲದೆ ಸಾಲು ತುಂಬಿಸಲು ನಿಲ್ಲಿಸಿದವನನ್ನು! ಆ ಹಾಳೆ ಸಿಗದಿದ್ದರೆ ಶಿಕ್ಷೆ ಆಗಿಯೇ ಬಿಡುತ್ತಿತ್ತು. ಹುಡುಗ ಬಿಡುಗಡೆಯಾದ. ಪ್ರಾಸಿಕ್ಯೂಟರ್ ತಾವೂ ಅದನ್ನು ಈಗಲೇ ನೋಡುತ್ತಿರುವುದು ಎಂದರು. ನಾನು ನಂಬಿದೆ. ಠಾಣೆಯಿಂದ ಬಂದ ಕಡತವಷ್ಟೇ ಅವರ ಕೈಗೂ ಸಿಗುವುದು. ಬಚ್ಚಿಟ್ಟವರನ್ನು ಯಾರೂ ಕೇಳಲಿಲ್ಲ.

ಅಮೆರಿಕದಲ್ಲಿ ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಪ್ರಾಸಿಕ್ಯೂಷನ್ ಕೊಡಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 1963ರ ಬ್ರೇಡಿ ತೀರ್ಪು ಹೇಳಿತು. ನಮ್ಮಲ್ಲಿ ಪೊಲೀಸರು ತಾವು ನೆಚ್ಚಿಕೊಂಡ ದಾಖಲೆಗಳ ಪ್ರತಿಯನ್ನಷ್ಟೇ ಕೊಟ್ಟು ಸುಮ್ಮನಾಗುತ್ತಾರೆ. ನೆಚ್ಚಿಕೊಳ್ಳದವುಗಳ ಪಟ್ಟಿಯನ್ನೂ ಕೊಡಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಅದು ತಾನಾಗಿ ಬರುವುದಿಲ್ಲ, ಬರೆದು ಕೇಳಬೇಕು. ಕೋರ್ಟು ದೋಷಾರೋಪ ಹೊರಿಸುವುದಕ್ಕೂ ಮೊದಲು ಕೇಳಿದರೆ "ಆರೋಪಿಯ ಸರದಿ ಇನ್ನೂ ಬಂದಿಲ್ಲ" ಎಂದು ಪ್ರಾಸಿಕ್ಯೂಟರ್ ಸುಪ್ರೀಂ ಕೋರ್ಟಿನ 2004ರ ಪಾಧಿ ತೀರ್ಪನ್ನು ತೋರಿಸುತ್ತಾರೆ. ಆಗ ನಾನು ಅದೇ ಕೋರ್ಟಿನ 2017ರ ತೀರ್ಪನ್ನು ಮುಂದಿಡುತ್ತೇನೆ. ಅದು ನಮ್ಮ ಬಿಡದಿ ಆಶ್ರಮದ ಪ್ರಕರಣದಿಂದ ಹುಟ್ಟಿದ್ದು! ತನಿಖಾಧಿಕಾರಿ ತಡೆಹಿಡಿದ ಸಾಕ್ಷ್ಯ ಪ್ರಶ್ನಿಸಲಾಗದಷ್ಟು ಗಟ್ಟಿಯಾಗಿದ್ದರೆ ಕೋರ್ಟು ಆ ಹಂತದಲ್ಲೂ ತರಿಸಿಕೊಳ್ಳಬಹುದು ಎನ್ನುತ್ತದೆ.

ಮೊಬೈಲ್ ಕರೆ ದಾಖಲೆಗೆ ಮಾತ್ರ ಕಾಯುವಂತಿಲ್ಲ. ಕಂಪನಿಗಳು ಅದನ್ನು ಎರಡು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಇಲ್ಲಿ ವಿಚಾರಣೆ ಶುರುವಾಗಲಿಕ್ಕೇ ಅದಕ್ಕಿಂತ ಜಾಸ್ತಿ ಹಿಡಿಯುವುದುಂಟು. 2006ರ ಲೋಕಲ್ ರೈಲು ಸ್ಫೋಟದ ಕೇಸಿನಲ್ಲಿ ಕರೆ ದಾಖಲೆಗಾಗಿ ಆರೋಪಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2015ರಲ್ಲಿ 12 ಮಂದಿಗೆ ಶಿಕ್ಷೆಯಾಯಿತು. 2025ರ ಜುಲೈನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಅದರ ವಿರುದ್ಧ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ.

ಆದ್ದರಿಂದ ವಕಾಲತ್ತಿಗೆ ಸಹಿ ಬಿದ್ದ ದಿನವೇ ಕರೆ ದಾಖಲೆ ಉಳಿಸಿಡಿ ಎಂಬ ಅರ್ಜಿ ಹಾಕುತ್ತೇನೆ. ಮನೆಯವರನ್ನು ಹುಡುಗ ಕೆಲಸ ಮಾಡುವ ಹೋಟೆಲಿಗೆ ಓಡಿಸುತ್ತೇನೆ. ಹಾಜರಿ ಪುಸ್ತಕದ ಫೋಟೋ ತೆಗೆಯಬೇಕು, ಗಲ್ಲಾದ ಮೇಲಿನ ಕ್ಯಾಮೆರಾದ ದೃಶ್ಯ ಅಳಿಸಿಹೋಗುವ ಮೊದಲು ಸೇಟರ ಹತ್ತಿರ ಕೇಳಿ ಪ್ರತಿ ಮಾಡಿಸಿಕೊಳ್ಳಬೇಕು.